ಅಮೆರಿಕದಲ್ಲಿ ಚುನಾವಣೆಯ ದಿನಕ್ಕೂ ಮುಂಚಿನ ಮತ

ಕೇಳುಗರಿಗೆ ನಮಸ್ಕಾರ.

ಮತ ಎಣಿಕೆಯ ದಿನ ಬೆಳಿಗ್ಗೆ ಎಂಟು ಗಂಟೆಗೆ ನಮ್ಮಲ್ಲಿ ಟಿವಿ ಹಾಕಿದರೆ ಮೊದಲು ಬರುವುದು ಅಂಚೆ ಮತಗಳ ಸುದ್ದಿ. ಅಂಚೆ ಮತದಲ್ಲಿ ಇಂಥವರು ಮುಂದಿದ್ದಾರೆ ಅಂತ ಅರ್ಧ ಗಂಟೆ ಗದ್ದಲ. ಆಮೇಲೆ ಮತಯಂತ್ರಗಳ ಎಣಿಕೆ ಶುರುವಾಗುತ್ತದೆ, ಅಂಚೆ ಮತವನ್ನು ಎಲ್ಲರೂ ಮರೆತುಬಿಡುತ್ತಾರೆ. ಸೈನಿಕರು, ಚುನಾವಣಾ ಕೆಲಸಕ್ಕೆ ಹೋದ ಸಿಬ್ಬಂದಿ, ತೀರಾ ವಯಸ್ಸಾದವರು, ಹೀಗೆ ಕೆಲವರಿಗಷ್ಟೇ ನಮ್ಮಲ್ಲಿ ಆ ಸೌಲಭ್ಯ.

ಅಮೆರಿಕದಲ್ಲಿ ಹಾಗಲ್ಲ. 2020ರ ಅಧ್ಯಕ್ಷ ಚುನಾವಣೆಯಲ್ಲಿ ಬಿದ್ದ ಒಟ್ಟು ಮತ ಸುಮಾರು 15 ಕೋಟಿ 80 ಲಕ್ಷ. ಅದರಲ್ಲಿ 10 ಕೋಟಿಗೂ ಹೆಚ್ಚು ಮತಗಳು ನವೆಂಬರ್ 3ರ ಬೆಳಗಾಗುವುದಕ್ಕೆ ಮುಂಚೆಯೇ ಬಿದ್ದಿದ್ದವು. ಆಗ ಕೋವಿಡ್ ಇತ್ತು, ಜನ ಮತಗಟ್ಟೆಗೆ ಹೋಗಲು ಹೆದರಿದ್ದರು ಅನ್ನಬಹುದು. ಆದರೆ ಕೋವಿಡ್ ಭಯ ಹೋದ ಮೇಲೆ, 2024ರಲ್ಲೂ, ಎಂಟೂವರೆ ಕೋಟಿಗೂ ಜಾಸ್ತಿ ಜನ ಮುಂಚೆಯೇ ಮತ ಹಾಕಿದರು.

ಅಲ್ಲಿ ಮತದಾನ ಯಾವಾಗಲೂ ಮಂಗಳವಾರ. ನವೆಂಬರ್‌ನ ಮೊದಲ ಸೋಮವಾರ ಕಳೆದ ಮೇಲಿನ ಮಂಗಳವಾರ ಅಂತ 1845ರಲ್ಲಿ ಕಾನೂನು ಮಾಡಿದರು. ರೈತರು ಹೆಚ್ಚಿದ್ದ ಕಾಲ. ಭಾನುವಾರ ಚರ್ಚಿಗೆ ಹೋಗಬೇಕು, ಸೋಮವಾರ ಗಾಡಿ ಕಟ್ಟಿಕೊಂಡು ಹೊರಟರೆ ಮಂಗಳವಾರ ಪಟ್ಟಣದಲ್ಲಿ ಮತ ಹಾಕಬಹುದು. ಗಾಡಿ ಹೋಯಿತು, ಮಂಗಳವಾರ ಉಳಿಯಿತು. ದೇಶಕ್ಕೆಲ್ಲ ಅನ್ವಯಿಸುವ ರಜೆಯೂ ಆ ದಿನ ಇಲ್ಲ. ಕೆಲಸ ಬಿಟ್ಟು ಸಾಲಿನಲ್ಲಿ ನಿಲ್ಲಬೇಕು. ಮುಂಚೆಯೇ ಹಾಕಿಬಿಡೋಣ ಅಂತ ಜನರಿಗೆ ಅನ್ನಿಸುವುದು ಸಹಜ ಅಲ್ವಾ?

ಹಾಗೆ ಹಾಕುವುದರಲ್ಲಿ ಎರಡು ದಾರಿ. ಒಂದು, ಮನೆಗೇ ಅಂಚೆಯಲ್ಲಿ ಮತಪತ್ರ ತರಿಸಿಕೊಂಡು, ತುಂಬಿ, ಸಹಿ ಮಾಡಿದ ಲಕೋಟೆಯಲ್ಲಿಟ್ಟು ವಾಪಸ್ ಕಳಿಸುವುದು. ಇನ್ನೊಂದು, ಒಂದೆರಡು ವಾರ ಮೊದಲೇ ತೆರೆಯುವ ಮತಗಟ್ಟೆಗೆ ತಾವೇ ಹೋಗಿ ಹಾಕುವುದು. ಯಾವುದಕ್ಕೆ ಎಷ್ಟು ಅವಕಾಶ ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಮ್ಮ ಹಾಗೆ ದೇಶಕ್ಕೆಲ್ಲ ಒಂದೇ ಚುನಾವಣಾ ಆಯೋಗ ಮತದಾನ ನಡೆಸುವ ಪದ್ಧತಿ ಅಲ್ಲಿಲ್ಲ. ಆರೆಗಾನ್ ರಾಜ್ಯ 2000ದ ಅಧ್ಯಕ್ಷ ಚುನಾವಣೆಯನ್ನೇ ಪೂರ್ತಿ ಅಂಚೆಯಲ್ಲಿ ನಡೆಸಿತು. ಟೆಕ್ಸಾಸ್‌ನಲ್ಲಿ ಅಂಚೆ ಮತಕ್ಕೆ 65 ವರ್ಷ ದಾಟಿರಬೇಕು, ಇಲ್ಲವೇ ಅನಾರೋಗ್ಯದಂಥ ಕಾರಣ ಬೇಕು. ಮುಂಚಿತವಾಗಿ ಮತಗಟ್ಟೆಗೆ ಬಂದು ಹಾಕುವುದಾದರೆ ಯಾರೂ ಕಾರಣ ಕೇಳುವುದಿಲ್ಲ. ಅದೇ ಟೆಕ್ಸಾಸ್ ಬಾಹ್ಯಾಕಾಶದಲ್ಲಿರುವವರೂ ಮತ ಹಾಕಬಹುದು ಅಂತ 1997ರಲ್ಲೇ ನಿಯಮ ಮಾಡಿತು. ಭೂಮಿ ಬಿಟ್ಟು ಹೋದವರಿಗೆ ಇರುವ ಸಲೀಸು ಊರಲ್ಲಿರುವವರಿಗೆ ಇಲ್ಲ ಅಂತ ಯಾರಾದರೂ ಗೊಣಗಿರಲೂಬಹುದು.

ಈಗ ನನಗೆ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. 2024ರಲ್ಲಿ ಬೆಂಗಳೂರು ಏಪ್ರಿಲ್ 26ಕ್ಕೆ ಮತ ಹಾಕಿ, ಜೂನ್ 4ರವರೆಗೆ ಕಾಯಿತು. ಅಷ್ಟು ದಿನ ಯಾರ ಕಡೆ ಎಷ್ಟು ಅನ್ನುವ ಅಧಿಕೃತ ಸುಳಿವು ಒಂದೂ ಇಲ್ಲ. ಕೊನೆಯ ಹಂತ ಮುಗಿಯುವವರೆಗೆ ಮತಗಟ್ಟೆ ಸಮೀಕ್ಷೆ ಹೇಳುವುದಕ್ಕೂ ನಿಷೇಧ. ಅಮೆರಿಕದಲ್ಲಿ ಯಾರು ಯಾರಿಗೆ ಮತ ಹಾಕಿದರು ಅನ್ನುವುದು ಗುಟ್ಟು. ಆದರೆ ಯಾರು ಮತ ಹಾಕಿದರು ಅನ್ನುವುದು ಗುಟ್ಟಲ್ಲ. ಹಲವು ರಾಜ್ಯಗಳಲ್ಲಿ ಮತದಾರರ ಪಟ್ಟಿಯಲ್ಲೇ ಡೆಮಾಕ್ರಾಟ್, ರಿಪಬ್ಲಿಕನ್ ಅಂತ ತಮ್ಮ ಪಕ್ಷವನ್ನು ನಮೂದಿಸಿಕೊಂಡಿರುತ್ತಾರೆ. ಹಾಗಾಗಿ ಇಷ್ಟು ಡೆಮಾಕ್ರಾಟರ ಲಕೋಟೆ ಬಂತು, ಇಷ್ಟು ರಿಪಬ್ಲಿಕನ್ನರ ಲಕೋಟೆ ಬಂತು ಅಂತ ದಿನದಿನವೂ ಲೆಕ್ಕ ಸಿಗುತ್ತದೆ. ಫ್ಲಾರಿಡಾ ವಿಶ್ವವಿದ್ಯಾಲಯದ ಮೈಕೆಲ್ ಮೆಕ್‌ಡೊನಾಲ್ಡ್ ಅನ್ನುವ ಪ್ರೊಫೆಸರ್ ವರ್ಷಗಳಿಂದ ಈ ಅಂಕಿಗಳನ್ನು ಕೂಡಿಸಿ ಪ್ರಕಟಿಸುತ್ತಾ ಬಂದಿದ್ದಾರೆ.

ಪಕ್ಷಗಳಿಗೆ ಇದು ಬಹಳ ಉಪಯೋಗಕ್ಕೆ ಬರುತ್ತದೆ. ನಿಮ್ಮ ಮತ ಬಂದಿದೆ ಅಂತ ಗೊತ್ತಾದ ಮೇಲೆ ನಿಮ್ಮ ಬಾಗಿಲು ತಟ್ಟಿ ಸಮಯ ಹಾಳು ಮಾಡಿಕೊಳ್ಳುವುದಿಲ್ಲ. ಇನ್ನೂ ಹಾಕದವರ ಮನೆಗೆ ಹೋಗುತ್ತಾರೆ. ಟಿವಿಯವರಿಗೆ ಮಾತ್ರ ಅದೇ ಅಂಕಿ ಜ್ಯೋತಿಷ್ಯವಾಗುತ್ತದೆ. ಅಲ್ಲೇ ಎಡವಟ್ಟಾಗುವುದು.

2016ರಲ್ಲಿ ಫ್ಲಾರಿಡಾದಲ್ಲಿ ಮುಂಚಿತವಾಗಿ ಮತ ಹಾಕಿದವರಲ್ಲಿ ಡೆಮಾಕ್ರಾಟರೇ ಹೆಚ್ಚಿದ್ದರು. ಅವರ ಅಭ್ಯರ್ಥಿ ಹಿಲರಿ ಕ್ಲಿಂಟನ್ ಕಡೆಯವರು ಖುಷಿಯಾಗಿದ್ದರು. ಕೊನೆಗೆ ರಿಪಬ್ಲಿಕನ್ ಅಭ್ಯರ್ಥಿ ಟ್ರಂಪ್ ಆ ರಾಜ್ಯವನ್ನು ಸುಮಾರು 1 ಲಕ್ಷ 13 ಸಾವಿರ ಮತಗಳಿಂದ ಗೆದ್ದರು. ಮದುವೆ ಮನೆಯಲ್ಲಿ ಮೊದಲ ಪಂಕ್ತಿ ತುಂಬಿತು ಅಂದಮಾತ್ರಕ್ಕೆ ನೆಂಟರು ಜಾಸ್ತಿ ಬಂದಿದ್ದಾರೆ ಅಂತಲ್ಲ. ಮೂರನೇ ಪಂಕ್ತಿಗೆ ಕೂರುವವರು ಈ ಸಲ ಬೇಗ ಕೂತಿರಬಹುದು. ಯಾವ ಕಡೆಯ ನೆಂಟರು ತಡವಾಗಿ ಬರುತ್ತಾರೆ ಅನ್ನುವುದೂ ಪ್ರತಿ ಸಲ ಒಂದೇ ಆಗಿರುವುದಿಲ್ಲ.

2020ರಲ್ಲಿ ಇದು ವಿಪರೀತಕ್ಕೆ ಹೋಯಿತು. ಅಂಚೆ ಮತದಲ್ಲಿ ಮೋಸ ಆಗುತ್ತದೆ ಅಂತ ಟ್ರಂಪ್ ತಿಂಗಳುಗಟ್ಟಲೆ ಹೇಳಿದರು. ಅವರ ಬೆಂಬಲಿಗರು ಮಂಗಳವಾರವೇ ಮತಗಟ್ಟೆಗೆ ಹೋದರು. ಬೈಡನ್ ಬೆಂಬಲಿಗರು ಲಕೋಟೆ ಕಳಿಸಿದರು. ಇದರ ಮೇಲೆ ಪೆನ್ಸಿಲ್ವೇನಿಯಾದ ನಿಯಮ ನೋಡಿ. ಅಲ್ಲಿ ಕಾರಣ ಕೊಡದೆ ಅಂಚೆ ಮತ ಹಾಕಲು ಅವಕಾಶ ಸಿಕ್ಕಿದ್ದೇ 2019ರ ಕಾನೂನಿನಿಂದ. ಮತಪತ್ರ ಮೊದಲು ಗುಟ್ಟಿನ ಲಕೋಟೆಯೊಳಗೆ, ಆ ಲಕೋಟೆ ಇನ್ನೊಂದರೊಳಗೆ. ಒಳಗಿನ ಲಕೋಟೆ ಮರೆತರೆ ಮತ ಎಣಿಸುವುದಿಲ್ಲ. ಬಂದ ಲಕೋಟೆಗಳನ್ನು ಚುನಾವಣೆಯ ದಿನ ಬೆಳಿಗ್ಗೆ ಏಳಕ್ಕೆ ಮುಂಚೆ ಬಿಚ್ಚುವಂತೆಯೂ ಇಲ್ಲ. ಸುಮಾರು 26 ಲಕ್ಷ ಲಕೋಟೆ ಬಂದಿದ್ದವು! ಒಂದೇ ದಿನದಲ್ಲಿ ಅಷ್ಟನ್ನೂ ಬಿಚ್ಚಿ, ನೋಡಿ, ಎಣಿಸುವುದು ಹೇಗೆ? ಮಂಗಳವಾರ ರಾತ್ರಿ ಟ್ರಂಪ್ ಲಕ್ಷಗಟ್ಟಲೆ ಮತಗಳಿಂದ ಮುಂದಿದ್ದರು. ಲಕೋಟೆಗಳು ಬಿಚ್ಚಿಕೊಳ್ಳುತ್ತಾ ಹೋದಂತೆ ಮುನ್ನಡೆ ಕರಗಿತು. ಶನಿವಾರ ನವೆಂಬರ್ 7ಕ್ಕೆ ಸುದ್ದಿಸಂಸ್ಥೆಗಳು ಬೈಡನ್ ಗೆದ್ದರು ಅಂದವು. ಆ ರಾಜ್ಯದಲ್ಲಿ ಅಂತರ ಕೊನೆಗೆ ಸುಮಾರು 80 ಸಾವಿರ.

ರಾತ್ರಿ ಮಲಗುವಾಗ ಗೆದ್ದಿದ್ದವರು ಬೆಳಗಾಗುವಷ್ಟರಲ್ಲಿ ಸೋತರು ಅಂತ ಅನುಮಾನಪಟ್ಟವರು ಲಕ್ಷಾಂತರ ಮಂದಿ. ನನ್ನ ಪ್ರಕಾರ ಆ ಅನುಮಾನಕ್ಕೆ ಅರ್ಧ ಗೊಬ್ಬರ ಹಾಕಿದ್ದು ಲಕೋಟೆ ಮುಂಚೆ ಬಿಚ್ಚಲು ಬಿಡದ ಪೆನ್ಸಿಲ್ವೇನಿಯಾದ ಶಾಸನಸಭೆಯೇ. ಫ್ಲಾರಿಡಾದಲ್ಲಿ ಲಕೋಟೆಗಳನ್ನು ಮುಂಚೆಯೇ ಬಿಚ್ಚಿ ಸಿದ್ಧ ಮಾಡಿಡುತ್ತಾರೆ, ಅದೇ ರಾತ್ರಿ ಫಲಿತಾಂಶ ಬರುತ್ತದೆ. ಅಷ್ಟು ಸುಲಭ.

2024ಕ್ಕೆ ಟ್ರಂಪ್ ಪಕ್ಷದ ಮಾತು ಬದಲಾಯಿತು. ಮುಂಚೆಯೇ ಹಾಕಿ ಅಂತ ಅವರೇ ಪ್ರಚಾರ ಮಾಡಿದರು. ಅಕ್ಟೋಬರ್ 15ರಂದು ಜಾರ್ಜಿಯಾದಲ್ಲಿ ಮತಗಟ್ಟೆ ತೆರೆದ ಮೊದಲ ದಿನವೇ 3 ಲಕ್ಷಕ್ಕೂ ಹೆಚ್ಚು ಜನ ಬಂದರು. ನೂರು ತುಂಬಿದ್ದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಮರುದಿನ ಅದೇ ರಾಜ್ಯದಲ್ಲಿ ಅಂಚೆ ಮತಪತ್ರದ ಮೂಲಕ ಮತ ಹಾಕಿದರು. ಹೆಲೀನ್ ಚಂಡಮಾರುತಕ್ಕೆ ತತ್ತರಿಸಿದ್ದ ನಾರ್ತ್ ಕೆರೊಲಿನಾದಲ್ಲೂ ಮೊದಲ ದಿನ ದಾಖಲೆಯ ಸಾಲು.

ಇಷ್ಟು ಅಂಕಿಗಳ ನಡುವೆ ನಾನು ಹುಡುಕುವುದು ಒಂದನ್ನೇ. ಈ ಸಲ ಮುಂಚೆ ಹಾಕಿದವರಲ್ಲಿ ಹೋದ ಸಲ ಮತವನ್ನೇ ಹಾಕದವರು ಎಷ್ಟು ಮಂದಿ? ಹೊಸಬರು ಬಂದಿದ್ದರೆ ಅದು ನಿಜವಾದ ಸುದ್ದಿ. ಮಂಗಳವಾರ ಬರುವವರೇ ಎರಡು ವಾರ ಮುಂಚೆ ಬಂದಿದ್ದರೆ ಸುಮ್ನೆ ದಿನಾಂಕ ಬದಲಾಗಿದೆ ಅಷ್ಟೇ. ಇದಕ್ಕೂ ಅಪವಾದ ಉಂಟು ಅನ್ನಿ. 2024ರಲ್ಲಿ ನೆವಾಡಾದ ಮುಂಗಡ ಮತದಲ್ಲಿ ರಿಪಬ್ಲಿಕನ್ನರು ಮುಂದಿದ್ದರು. ಮಂಗಳವಾರ ಬರುವವರೇ ಮುಂಚೆ ಬಂದಿದ್ದಾರೆ ಅಂತ ಬಹಳ ಜನ ತಳ್ಳಿಹಾಕಿದರು. ಟ್ರಂಪ್ ಆ ರಾಜ್ಯವನ್ನು ಗೆದ್ದರು. 2004ರ ಬುಷ್ ನಂತರ ಅಲ್ಲಿ ಗೆದ್ದ ಮೊದಲ ರಿಪಬ್ಲಿಕನ್ ಅಭ್ಯರ್ಥಿ ಅವರೇ.

ನಮಸ್ಕಾರ.