ಇಪ್ಪತ್ತು ವರ್ಷ ತಡವಾಗಿ ಬಂದ ದಿನ

ಎಲ್ಲರಿಗೂ ನಮಸ್ಕಾರ.

ಪ್ರತಿ ವರ್ಷ ಜೂನ್ 23ರಂದು ಕೆನಡಾದ ಕೇಂದ್ರ ಸರ್ಕಾರದ ಕಟ್ಟಡಗಳ ಮೇಲೆ ರಾಷ್ಟ್ರಧ್ವಜ ಅರ್ಧಕ್ಕೆ ಇಳಿದಿರುತ್ತದೆ. ಭಯೋತ್ಪಾದನೆಗೆ ಬಲಿಯಾದವರ ರಾಷ್ಟ್ರೀಯ ಸ್ಮರಣೆಯ ದಿನವೆಂದು ಆ ದೇಶ 2005ರಲ್ಲಿ ಅಧಿಕೃತವಾಗಿ ಗುರುತಿಸಿದ ದಿನ ಅದು. ಅಂದು ರಜೆಯಿರುವುದಿಲ್ಲ. ಪ್ರಧಾನಿಯ ಹೇಳಿಕೆಯೊಂದು ಹೊರಬೀಳುತ್ತದೆ, ಸ್ಮಾರಕಗಳ ಬಳಿ ಒಂದಷ್ಟು ಕುಟುಂಬಗಳು ಸೇರುತ್ತವೆ, ಉಳಿದ ದೇಶ ತನ್ನ ಕೆಲಸದಲ್ಲಿರುತ್ತದೆ. ವರ್ಷದ ಮುನ್ನೂರ ಅರವತ್ತೈದು ದಿನಗಳಲ್ಲಿ ಇದೇ ತಾರೀಖನ್ನು ಏಕೆ ಆರಿಸಿಕೊಂಡರು ಎಂದು ಕೇಳಿದರೆ ಉತ್ತರ ಹೇಳಬಲ್ಲವರು ಅಲ್ಲಿಯೂ ಕಡಿಮೆ, ನಮ್ಮಲ್ಲಿಯೂ ಕಡಿಮೆ.

ಆ ತಾರೀಖು ಕನಿಷ್ಕ ಎಂಬ ಹೆಸರಿನ ವಿಮಾನದ್ದು. 1985ರ ಜೂನ್ 23ರ ಬೆಳಿಗ್ಗೆ ಟೊರಾಂಟೊ ಮತ್ತು ಮಾಂಟ್ರಿಯಲ್‌ನಿಂದ ಹೊರಟು ಲಂಡನ್ ಮಾರ್ಗವಾಗಿ ದೆಹಲಿಗೆ ಬರುತ್ತಿದ್ದ ಏರ್ ಇಂಡಿಯಾದ 182ನೆಯ ವಿಮಾನ ಐರ್ಲೆಂಡಿನ ಕರಾವಳಿಯಾಚೆ ಬಾಂಬ್ ಸ್ಫೋಟದಿಂದ ಛಿದ್ರವಾಗಿ ಅಟ್ಲಾಂಟಿಕ್ ಸಮುದ್ರಕ್ಕೆ ಬಿತ್ತು. ಅದರಲ್ಲಿದ್ದ 329 ಜನರಲ್ಲಿ ಒಬ್ಬರೂ ಬದುಕಲಿಲ್ಲ. 131 ದೇಹಗಳು ಮಾತ್ರ ದೊರೆತವು. ಸತ್ತವರಲ್ಲಿ 268 ಜನ ಕೆನಡಾದ ನಾಗರಿಕರು, ಅವರಲ್ಲಿ ಬಹುಪಾಲು ಭಾರತೀಯ ಮೂಲದವರು. ಶಾಲೆಗಳ ಬೇಸಿಗೆ ರಜೆಯ ಹೊತ್ತಾದ್ದರಿಂದ ಅಜ್ಜ ಅಜ್ಜಿಯರನ್ನು ನೋಡಲು ಹೊರಟಿದ್ದ ಮಕ್ಕಳು ಬಹಳ ಇದ್ದರು. ಅದೇ ದಿನ, ಸುಮಾರು ಒಂದು ಗಂಟೆ ಮೊದಲು, ಜಪಾನಿನ ನರೀತಾ ವಿಮಾನ ನಿಲ್ದಾಣದಲ್ಲಿ ಮತ್ತೊಂದು ಏರ್ ಇಂಡಿಯಾ ವಿಮಾನಕ್ಕೆ ಸೇರಬೇಕಿದ್ದ ಸೂಟ್‌ಕೇಸ್ ಸಿಡಿದು ಸಾಮಾನು ಸಾಗಿಸುವ ಇಬ್ಬರು ಕೆಲಸಗಾರರು ಸತ್ತರು. ಎರಡೂ ಸೂಟ್‌ಕೇಸ್‌ಗಳು ವ್ಯಾಂಕೂವರ್‌ನಿಂದ ಹೊರಟವು. ಎರಡರ ಒಡೆಯರೂ ವಿಮಾನ ಹತ್ತಿರಲಿಲ್ಲ.

ಇದು ಯಾರ ದುರಂತ ಎಂಬ ಪ್ರಶ್ನೆಯೇ ಏಳಬಾರದಿತ್ತು. ಖಲಿಸ್ತಾನ್ ಪರ ಉಗ್ರರ ಸಂಚು ನಡೆದದ್ದು ಕೆನಡಾದಲ್ಲಿ, ಬಾಂಬ್ ತಯಾರಾದದ್ದು ಕೆನಡಾದಲ್ಲಿ, ಸತ್ತವರಲ್ಲಿ ಹೆಚ್ಚಿನವರು ಕೆನಡಾದವರು. ಆದರೆ ಅಂದಿನ ಪ್ರಧಾನಿ ಬ್ರಯನ್ ಮಲ್ರೋನಿ ರಾಜೀವ್ ಗಾಂಧಿಯವರಿಗೆ ಕರೆಮಾಡಿ ಸಂತಾಪ ಸೂಚಿಸಿದ್ದನ್ನು ಆ ಕುಟುಂಬಗಳು ದಶಕಗಳ ನಂತರವೂ ಮರೆತಿಲ್ಲ. ತಮ್ಮ ಮನೆಯ ಸಾವಿಗೆ ತಮ್ಮ ಪ್ರಧಾನಿ ಇನ್ನೊಂದು ದೇಶದವರನ್ನು ಸಂತೈಸುವುದನ್ನು ನೋಡಿದವರಿಗೆ, ತಾವು ಆ ದೇಶದ ಲೆಕ್ಕದಲ್ಲಿ ಎಲ್ಲಿದ್ದೇವೆ ಎಂಬುದನ್ನು ಬೇರೆ ಯಾರೂ ವಿವರಿಸಬೇಕಾಗಿರಲಿಲ್ಲ.

ಇದನ್ನು ಭಾವುಕತೆ ಎಂದು ತಳ್ಳಿಹಾಕುವವರಿಗಾಗಿ ಒಂದು ಹೋಲಿಕೆಯನ್ನು ಮುಂದಿಡುತ್ತೇನೆ. 1989ರ ಡಿಸೆಂಬರ್ 6ರಂದು ಮಾಂಟ್ರಿಯಲ್‌ನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಬಂದೂಕುಧಾರಿಯೊಬ್ಬ ಹದಿನಾಲ್ಕು ಮಹಿಳೆಯರನ್ನು ಕೊಂದ. 1991ರಲ್ಲಿ, ಅಂದರೆ ಎರಡೇ ವರ್ಷಗಳಲ್ಲಿ, ಡಿಸೆಂಬರ್ 6 ಮಹಿಳೆಯರ ಮೇಲಿನ ಹಿಂಸೆಯ ವಿರುದ್ಧದ ರಾಷ್ಟ್ರೀಯ ಸ್ಮರಣೆಯ ದಿನವಾಯಿತು. ಅದು ಆಗಲೇಬೇಕಾಗಿದ್ದ ಕೆಲಸ; ಆ ಹದಿನಾಲ್ಕು ಜನರ ನೆನಪನ್ನು ಕಿರಿದುಮಾಡುವ ಉದ್ದೇಶ ನನಗಿಲ್ಲ, ಸಾವುಗಳನ್ನು ತಕ್ಕಡಿಯಲ್ಲಿಟ್ಟು ತೂಗುವುದು ಅಸಹ್ಯದ ಕೆಲಸ. ನಾನು ಅಳೆಯುತ್ತಿರುವುದು ಸರ್ಕಾರ ತೆಗೆದುಕೊಂಡ ಕಾಲವನ್ನು. ಮನಸ್ಸಿದ್ದರೆ ಒಂದು ದೇಶ ಎಷ್ಟು ಬೇಗ ತನ್ನವರನ್ನು ಗುರುತಿಸಬಲ್ಲದು ಎಂಬುದಕ್ಕೆ ಅದೇ ಕೆನಡಾ ಸಾಕ್ಷಿ, ಮತ್ತು ಕನಿಷ್ಕದ ವಿಷಯದಲ್ಲಿ ಅದೇ ಕೆನಡಾಕ್ಕೆ ಇಪ್ಪತ್ತು ವರ್ಷ ಹಿಡಿಯಿತು. 2004ರ ಮಾರ್ಚ್ 11ರಂದು ಮ್ಯಾಡ್ರಿಡ್‌ನ ರೈಲುಗಳಲ್ಲಿ ಬಾಂಬ್‌ಗಳು ಸಿಡಿದಾಗ ಯುರೋಪಿನ ಒಕ್ಕೂಟ ಆ ದಿನಾಂಕವನ್ನು ಸಂತ್ರಸ್ತರ ಸ್ಮರಣೆಗೆ ಮೀಸಲಿಡಲು ಒಂದು ವರ್ಷವನ್ನೂ ತೆಗೆದುಕೊಳ್ಳಲಿಲ್ಲ.

ಇನ್ನು, 2005ರಲ್ಲಿ ಮಾನ್ಯತೆ ಬಂದ ಸಂದರ್ಭವನ್ನು ಗಮನಿಸಬೇಕು. ಆ ವರ್ಷದ ಮಾರ್ಚ್ 16ರಂದು ಬ್ರಿಟಿಷ್ ಕೊಲಂಬಿಯಾದ ನ್ಯಾಯಾಲಯ, ಕೆನಡಾದ ಇತಿಹಾಸದಲ್ಲೇ ಅತ್ಯಂತ ದುಬಾರಿ ವಿಚಾರಣೆಗಳಲ್ಲಿ ಒಂದರ ಕೊನೆಯಲ್ಲಿ, ಇಬ್ಬರು ಆರೋಪಿಗಳನ್ನೂ ಖುಲಾಸೆಗೊಳಿಸಿತು. ಸಾಕ್ಷ್ಯ ಸಾಲದು ಎಂಬುದೇ ನ್ಯಾಯಾಧೀಶರ ನಿಲುವು, ಅದನ್ನು ನಾನಿಲ್ಲಿ ಪ್ರಶ್ನಿಸುತ್ತಿಲ್ಲ. ಇಡೀ ಪ್ರಕರಣದಲ್ಲಿ ಶಿಕ್ಷೆಯಾದದ್ದು ಬಾಂಬ್ ತಯಾರಿಕೆಗೆ ನೆರವಾದ ಇಂದ್ರಜಿತ್ ಸಿಂಗ್ ರೇಯಾತ್ ಒಬ್ಬನಿಗೆ. ಕನಿಷ್ಕಕ್ಕಾಗಿ ಐದು ವರ್ಷ, ನರೀತಾ ಸ್ಫೋಟಕ್ಕಾಗಿ ಹತ್ತು ವರ್ಷ, ಆ ಮೇಲೆ ನ್ಯಾಯಾಲಯದಲ್ಲಿ ಸುಳ್ಳುಸಾಕ್ಷಿ ಹೇಳಿದ್ದಕ್ಕೆ ಒಂಬತ್ತು ವರ್ಷ. 329 ಜನರ ಸಾವಿಗಿಂತ ಸುಳ್ಳಿಗೇ ಹೆಚ್ಚು ವರ್ಷ ಬಿದ್ದ ವಿಚಿತ್ರ ಲೆಕ್ಕವಿದು. ಖುಲಾಸೆಯ ತೀರ್ಪು ಬಂದು ಮೂರು ತಿಂಗಳಿಗೆ ಇಪ್ಪತ್ತನೆಯ ವಾರ್ಷಿಕ ಸ್ಮರಣೆ ಬಂತು. ಪ್ರಧಾನಿ ಪಾಲ್ ಮಾರ್ಟಿನ್ ಐರ್ಲೆಂಡಿಗೆ ಹೋದರು, ರಾಷ್ಟ್ರೀಯ ದಿನವೂ ಬಂತು. ನ್ಯಾಯ ಕೊಡಲಾಗದ ವರ್ಷವೇ ದಿನವನ್ನು ಕೊಟ್ಟದ್ದು ಕಾಕತಾಳೀಯವೆಂದು ನಂಬಲು ನನಗೆ ಕಷ್ಟವಾಗುತ್ತದೆ.

ಹಾಗಾದರೆ ಈ ದಿನ ಬರೀ ಸಮಾಧಾನದ ಬಹುಮಾನವೇ? ಹಾಗೆಂದು ನಾನು ಹೇಳುವುದಿಲ್ಲ. ಅಧಿಕೃತ ಮಾನ್ಯತೆ ಸಿಕ್ಕ ಮೇಲೆ ಕುಟುಂಬಗಳ ಕೈಗೆ ಒಂದು ಹಿಡಿಕೆ ಸಿಕ್ಕಿತು. ತನ್ನದೆಂದು ಒಪ್ಪಿಕೊಂಡ ದುರಂತದ ಬಗ್ಗೆ ಸರ್ಕಾರ ವಿಚಾರಣೆಯನ್ನು ನಿರಾಕರಿಸುವುದು ಸುಲಭವಲ್ಲ. 2006ರಲ್ಲಿ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಜಾನ್ ಮೇಜರ್ ಅವರ ನೇತೃತ್ವದ ಆಯೋಗ ನೇಮಕಗೊಂಡಿತು, 2010ರ ಜೂನ್‌ನಲ್ಲಿ ಐದು ಸಂಪುಟಗಳ ವರದಿ ಹೊರಬಂತು. ಅದರಲ್ಲಿರುವ ವಿವರಗಳನ್ನು ಓದಿದರೆ ಹೊಟ್ಟೆ ತೊಳಸುತ್ತದೆ. ಜೂನ್ ಆರಂಭದಲ್ಲೇ ಏರ್ ಇಂಡಿಯಾದಿಂದ ಬಾಂಬ್ ಬೆದರಿಕೆಯ ಎಚ್ಚರಿಕೆ ತಲುಪಿತ್ತು. ಮುಖ್ಯ ಸಂಚುಕೋರನೆಂದು ಆಯೋಗ ಗುರುತಿಸಿದ ತಲ್ವಿಂದರ್ ಸಿಂಗ್ ಪರ್ಮಾರ್‌ನನ್ನು ಹಿಂಬಾಲಿಸುತ್ತಿದ್ದ ಗುಪ್ತಚರರು ಡಂಕನ್ ಪಟ್ಟಣದ ಬಳಿಯ ಕಾಡಿನಲ್ಲಿ ಪ್ರಯೋಗದ ಸ್ಫೋಟವನ್ನು ಕಿವಿಯಾರೆ ಕೇಳಿ ಅದನ್ನು ಬಂದೂಕಿನ ಸದ್ದೆಂದು ಭಾವಿಸಿದರು. ಟೊರಾಂಟೊದಲ್ಲಿ ಸಾಮಾನು ತಪಾಸಣೆಯ ಎಕ್ಸ್-ರೇ ಯಂತ್ರ ಅಂದು ಕೆಟ್ಟುನಿಂತಿತ್ತು. ಮಾಂಟ್ರಿಯಲ್‌ನಲ್ಲಿ ವಾಸನೆ ಹಿಡಿಯುವ ಪೊಲೀಸ್ ನಾಯಿ ಬಂದು ಮುಟ್ಟುವ ಹೊತ್ತಿಗೆ ವಿಮಾನ ಹೊರಟುಹೋಗಿತ್ತು. ದುರಂತದ ಬಳಿಕವೂ ಗುಪ್ತಚರ ಸಂಸ್ಥೆ ಪರ್ಮಾರ್‌ನ ದೂರವಾಣಿ ಕದ್ದಾಲಿಕೆಯ ನೂರಕ್ಕೂ ಹೆಚ್ಚು ಟೇಪುಗಳನ್ನು ಅಳಿಸಿಹಾಕಿತು. ಇದು ಕೆನಡಾದ್ದೇ ದುರಂತ ಎಂದು ಆಯೋಗ ಸ್ಪಷ್ಟವಾಗಿ ಬರೆಯಿತು, ಆ ವರ್ಷದ ಜೂನ್ 23ರಂದು ಪ್ರಧಾನಿ ಸ್ಟೀಫನ್ ಹಾರ್ಪರ್ ಟೊರಾಂಟೊದ ಸ್ಮಾರಕದ ಬಳಿ ನಿಂತು ಸರ್ಕಾರದ ವೈಫಲ್ಯಕ್ಕೂ ಕುಟುಂಬಗಳನ್ನು ನಡೆಸಿಕೊಂಡ ರೀತಿಗೂ ಕ್ಷಮೆ ಕೇಳಿದರು.

ಇಷ್ಟಾದರೂ 2023ರಲ್ಲಿ ಆಂಗಸ್ ರೀಡ್ ಸಂಸ್ಥೆ ಸಮೀಕ್ಷೆ ನಡೆಸಿದಾಗ ಹತ್ತರಲ್ಲಿ ಒಂಬತ್ತು ಕೆನಡಿಯನ್ನರಿಗೆ ಈ ಘಟನೆಯ ಬಗ್ಗೆ ಏನೂ ತಿಳಿದಿರಲಿಲ್ಲ ಅಥವಾ ಅಲ್ಪಸ್ವಲ್ಪ ಮಾತ್ರ ತಿಳಿದಿತ್ತು. ಮಾನ್ಯತೆ ಸಿಕ್ಕು ಹದಿನೆಂಟು ವರ್ಷವಾದ ಮೇಲಿನ ಸ್ಥಿತಿ ಅದು. ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಕೆನಡಾದಲ್ಲಿ ಶಾಲಾ ಪಠ್ಯ ಪ್ರಾಂತ್ಯಗಳ ಅಧಿಕಾರಕ್ಕೆ ಸೇರಿದ್ದು. ಕೇಂದ್ರ ಸರ್ಕಾರ ಘೋಷಿಸಿದ ದಿನ ಧ್ವಜಸ್ತಂಭದವರೆಗೆ ಹೋಗುತ್ತದೆ, ತರಗತಿಯ ಬಾಗಿಲಲ್ಲಿ ನಿಂತುಬಿಡುತ್ತದೆ. ಬೇಸಿಗೆ ರಜೆಯ ಹೊಸ್ತಿಲಲ್ಲಿ ಬರುವ ತಾರೀಖಾದ್ದರಿಂದ ಶಿಕ್ಷಕರ ಕೈಗೂ ಅದು ಸಿಗುವುದಿಲ್ಲ. ಜೊತೆಗೆ, ಎಲ್ಲ ಭಯೋತ್ಪಾದನೆಯ ಎಲ್ಲ ಸಂತ್ರಸ್ತರಿಗೂ ಸಲ್ಲುವ ದಿನವಾದ್ದರಿಂದ ಕನಿಷ್ಕವನ್ನು ಹೆಸರಿಸದೆಯೂ ಅದನ್ನು ಆಚರಿಸಿ ಮುಗಿಸಬಹುದು.

ಇದಕ್ಕೆ ಎದುರಾಗಿ ಐರ್ಲೆಂಡಿನ ಕಾರ್ಕ್ ಸೀಮೆಯ ಅಹಾಕಿಸ್ತಾ ಎಂಬ ಪುಟ್ಟ ಹಳ್ಳಿಯನ್ನು ನೋಡಿ. ವಿಮಾನದಲ್ಲಿ ಆ ಹಳ್ಳಿಯವರು ಒಬ್ಬರೂ ಇರಲಿಲ್ಲ. ಆದರೂ ಮೊದಲ ವರ್ಷ ತುಂಬುವಷ್ಟರಲ್ಲಿ, 1986ರಲ್ಲೇ, ಕಡಲ ದಂಡೆಯ ಮೇಲೆ ನೆರಳು ಗಡಿಯಾರವಿರುವ ಸ್ಮಾರಕ ಅಲ್ಲಿ ಎದ್ದಿತು, ಅಂದಿನಿಂದ ಊರಿನವರು ಪ್ರತಿ ಜೂನ್ 23ರಂದು ದೂರದಿಂದ ಬರುವ ಕುಟುಂಬಗಳ ಜೊತೆ ನಿಲ್ಲುತ್ತಾರೆ. ಅವರಿಗೆ ಯಾವ ಸರ್ಕಾರದ ಘೋಷಣೆಯೂ ಬೇಕಾಗಲಿಲ್ಲ. ಇದನ್ನು ತೋರಿಸಿ, ನೆನಪಿಗೆ ಅಧಿಕೃತ ಮುದ್ರೆ ಏಕೆ ಎಂದು ಕೇಳುವವರಿದ್ದಾರೆ. ಸಂತೈಸುವುದು ನೆರೆಹೊರೆಯವರಿಂದ ಆಗುತ್ತದೆ, ಉತ್ತರ ಕೊಡುವುದು ಸರ್ಕಾರದಿಂದ ಮಾತ್ರ ಆಗುತ್ತದೆ. ಟೇಪು ಅಳಿಸಿದವರು ಅಹಾಕಿಸ್ತಾದ ಜನರಲ್ಲ. ಆದ್ದರಿಂದ ರಾಷ್ಟ್ರೀಯ ದಿನವೆಂದರೆ ಶೋಕದ ದಿನಕ್ಕಿಂತ ಹೆಚ್ಚಾಗಿ ಲೆಕ್ಕ ಒಪ್ಪಿಸುವ ದಿನವಾಗಬೇಕು ಎಂಬುದು ನನ್ನ ವಾದ.

ನಮ್ಮ ಕಡೆಯ ಮಾತನ್ನೂ ಆಡಬೇಕು. ಕನಿಷ್ಕ ಅಂದು ಭಾರತ ಸರ್ಕಾರದ ಒಡೆತನದಲ್ಲಿದ್ದ ಸಂಸ್ಥೆಯ ವಿಮಾನ, ಅದರ ಇಪ್ಪತ್ತೆರಡು ಸಿಬ್ಬಂದಿ ಅದೇ ಸಂಸ್ಥೆಯ ನೌಕರರು. ನಮ್ಮಲ್ಲಿ ಮೇ 21, ರಾಜೀವ್ ಗಾಂಧಿಯವರ ಹತ್ಯೆಯಾದ ದಿನ, ಭಯೋತ್ಪಾದನೆ ವಿರೋಧಿ ದಿನ; ಅಂದು ಕಚೇರಿಗಳಲ್ಲಿ ಪ್ರತಿಜ್ಞಾವಿಧಿ ಓದಿಸುತ್ತಾರೆ. ಆದರೆ ಭಯೋತ್ಪಾದನೆಗೆ ಬಲಿಯಾದ ಸಾಮಾನ್ಯ ಜನರ ಕುಟುಂಬಗಳು ಮುಂದಿನ ಸಾಲಿನಲ್ಲಿ ಕೂರುವ ದಿನ ಅದಲ್ಲ. ಈಚಿನ ವರ್ಷಗಳಲ್ಲಿ ಕೆನಡಾದೊಡನೆ ಸಂಬಂಧ ಹಳಸಿದಾಗ ಕನಿಷ್ಕದ ಹೆಸರು ನಮ್ಮ ರಾಜತಾಂತ್ರಿಕ ಹೇಳಿಕೆಗಳಲ್ಲಿ ಜೋರಾಗಿ ಕೇಳಿಬಂತು. 2024ರ ಜೂನ್‌ನಲ್ಲಿ ಹಿಂದಿನ ವರ್ಷ ಕೆನಡಾದಲ್ಲಿ ಕೊಲೆಯಾದ ಖಲಿಸ್ತಾನ್ ಪರ ನಾಯಕ ಹರ್ದೀಪ್ ಸಿಂಗ್ ನಿಜ್ಜರ್‌ಗಾಗಿ ಕೆನಡಾದ ಸಂಸತ್ತು ಮೌನ ಆಚರಿಸಿದ ಬೆನ್ನಿಗೆ ಆ ಹೆಸರು ಇನ್ನಷ್ಟು ಹರಿತವಾಯಿತು. ಸಿಟ್ಟು ಅರ್ಥವಾಗುವಂಥದ್ದೇ. ಆದರೆ ಜಗಳದ ವರ್ಷಗಳಲ್ಲಿ ಮಾತ್ರ ನೆನಪಾಗುವ ಸತ್ತವರು ಯಾವ ಸರ್ಕಾರಕ್ಕೂ ತನ್ನವರಾಗಿರುವುದಿಲ್ಲ, ಆಯುಧವಾಗಿರುತ್ತಾರೆ. ನಾಲ್ವತ್ತನೆಯ ವರ್ಷ, 2025ರಲ್ಲಿ, ಎರಡೂ ದೇಶಗಳ ಸಚಿವರು ಅಹಾಕಿಸ್ತಾದಲ್ಲಿ ಒಟ್ಟಿಗೆ ನಿಂತದ್ದು ಒಳ್ಳೆಯದೇ ಆಯಿತು.

ಕೆನಡಾದ ಸಂಸತ್ತು ಬೇಸಿಗೆಯ ಬಿಡುವಿಗೆ ತೆರಳುವುದು ಜೂನ್ 23ರ ಆಸುಪಾಸಿನಲ್ಲೇ. ಆ ಬಿಡುವಿಗೆ ಮೊದಲ ವಾರ, ಮೇಜರ್ ಆಯೋಗದ ಶಿಫಾರಸುಗಳಲ್ಲಿ ಯಾವುವು ಜಾರಿಯಾಗಿವೆ, ಯಾವುವು ಕಪಾಟಿನಲ್ಲಿವೆ, ಗುಪ್ತಚರ ಸಂಸ್ಥೆಯೂ ಪೊಲೀಸರೂ ಈಗ ಮಾಹಿತಿ ಹಂಚಿಕೊಳ್ಳುವುದು ಹೇಗೆ ಎಂದು ಸಂಬಂಧಪಟ್ಟ ಸಚಿವರು ಕುಟುಂಬಗಳ ಸಮ್ಮುಖದಲ್ಲಿ ಸದನಕ್ಕೆ ಲಿಖಿತ ವರದಿ ಕೊಡಲಿ. ಅದಕ್ಕೆ ಹೊಸ ಕಾನೂನು ಬೇಕಿಲ್ಲ; ಮುಂದಿನ ಜೂನ್‌ನಿಂದಲೇ ಶುರುಮಾಡಬಹುದು. ದೆಹಲಿಯಲ್ಲೂ, ಇಪ್ಪತ್ತೆರಡು ನೌಕರರ ಹೆಸರನ್ನಾದರೂ ಲೋಕಸಭೆಯಲ್ಲಿ ಒಮ್ಮೆ ಓದಿಸಬಹುದು.