ಕಟ್ಟಿನಿಂದ ಒಂದೇ ಒಂದು

ಕೇಳುಗರೆಲ್ಲರಿಗೂ ನಮಸ್ಕಾರ.

ಅಂಚೆ ವಿಂಗಡಿಸುವ ಯಂತ್ರ ಅಂದರೆ ಎಲ್ಲರಿಗೂ ಬೆರಗು ಹುಟ್ಟಿಸುವುದು ಅದು ವಿಳಾಸ ಓದುವ ರೀತಿ. ಕೈಬರಹವನ್ನೂ ಓದುತ್ತದೆ, ಊರು ಗುರುತಿಸುತ್ತದೆ, ಸರಿಯಾದ ಡಬ್ಬಿಗೆ ಕಳಿಸುತ್ತದೆ. ಆದರೆ ಓದುವ ಕ್ಯಾಮೆರಾದ ಮುಂದೆ ಅಂಚೆ ಒಂದೊಂದಾಗಿ ಬರಬೇಕು ಅಲ್ವಾ? ಯಂತ್ರದ ಬಾಯಿಗೆ ಬರುವುದು ಕಟ್ಟು. ಆ ಕಟ್ಟಿನಿಂದ ಒಂದನ್ನು, ಬರೀ ಒಂದನ್ನು ಬಿಡಿಸಿ ಕೊಡುವವರು ಯಾರು? ಇವತ್ತು ಆ ಭಾಗದ ಬಗ್ಗೆ ಮಾತಾಡುತ್ತೇನೆ. ಇಡೀ ಯಂತ್ರದಲ್ಲಿ ಅತಿ ಕಷ್ಟದ ಕೆಲಸ ಇದೇ ಎಂದು ನನ್ನ ಎಣಿಕೆ. ಇಲ್ಲಿ ತಪ್ಪಿದರೆ ಮುಂದಿನ ಜಾಣತನವೆಲ್ಲ ವ್ಯರ್ಥ.

ಚಿಕ್ಕ ಲಕೋಟೆಗಳ ಮಾತು ಬೇರೆ. ಅವುಗಳ ಅಳತೆ, ದಪ್ಪ, ಗಟ್ಟಿತನ ಹೆಚ್ಚುಕಡಿಮೆ ಒಂದೇ ಥರ. ತೊಂದರೆ ಕೊಡುವುದು ದೊಡ್ಡ ಚಪ್ಪಟೆ ಅಂಚೆ. ವಾರಪತ್ರಿಕೆ, ಕ್ಯಾಟಲಾಗು, ಕಾಗದಪತ್ರ ತುಂಬಿದ ದೊಡ್ಡ ಲಕೋಟೆ, ಪ್ಲಾಸ್ಟಿಕ್ ಹೊದಿಕೆ ಹಾಕಿದ ಪುಸ್ತಕ. ಒಂದು ತೆಳ್ಳಗೆ ಬಳುಕುತ್ತದೆ, ಪಕ್ಕದ್ದು ಹಲಗೆಯಂತೆ ಸೆಟೆದಿರುತ್ತದೆ. ಒಂದು ನುಣುಪು, ಇನ್ನೊಂದು ಒರಟು. ಎಲ್ಲ ಒಂದೇ ಕಟ್ಟಿನಲ್ಲಿ, ಒಂದಕ್ಕೊಂದು ಒತ್ತಿಕೊಂಡು ಬರುತ್ತವೆ.

ನೋಟು ಎಣಿಸುವವರ ಕೈ ಗಮನಿಸಿ. ಬೆರಳು ಒದ್ದೆ ಮಾಡಿಕೊಳ್ಳುತ್ತಾರೆ, ಕಟ್ಟನ್ನು ತುಸು ಬಾಗಿಸುತ್ತಾರೆ, ಹೆಬ್ಬೆರಳಿನಿಂದ ಮೇಲಿನ ನೋಟನ್ನು ತಳ್ಳುತ್ತಾರೆ. ಎರಡು ಬಂದರೆ ಬೆರಳಿಗೇ ಗೊತ್ತಾಗುತ್ತದೆ, ಉಜ್ಜಿ ಬಿಡಿಸುತ್ತಾರೆ. ಹಿಡಿಯುವುದು, ಗಾಳಿ ಆಡಿಸುವುದು, ಎಳೆಯುವುದು, ಎಷ್ಟು ಬಂತು ಎಂದು ನೋಡುವುದು, ಇಷ್ಟೂ ಒಂದೇ ಕೈಯಲ್ಲಿ ಆಗಿಹೋಗುತ್ತದೆ. ಯಂತ್ರದಲ್ಲಿ ಇವಕ್ಕೆಲ್ಲ ಬೇರೆ ಬೇರೆ ಅಂಗಗಳು ಬೇಕು.

ಮೊದಲು ಹಿಡಿಯುವುದು ಹೇಗೆ, ನೋಡೋಣ. ಅಂಚೆಯನ್ನು ಸಾಮಾನ್ಯವಾಗಿ ಅಂಚಿನ ಮೇಲೆ ನಿಲ್ಲಿಸಿ ಸಾಲಾಗಿ ಇಡುತ್ತಾರೆ. ಕೆಳಗಿನ ಬೆಲ್ಟು ಆ ಸಾಲನ್ನು ನಿಧಾನಕ್ಕೆ ಮುಂದೆ ಒಯ್ಯುತ್ತದೆ. ಹಿಂದಿನಿಂದ ಒಂದು ತಟ್ಟೆ ಬೀಳದಂತೆ ತಡೆಯುತ್ತದೆ. ಮುಂದುಗಡೆ ಇನ್ನೊಂದು ರಬ್ಬರ್ ಬೆಲ್ಟು ಅಡ್ಡಲಾಗಿ ಓಡುತ್ತದೆ. ಅದರ ತುಂಬ ತೂತು. ಬೆಲ್ಟಿನ ಹಿಂದೆ ಗಾಳಿ ಹೀರುವ ಪೆಟ್ಟಿಗೆ. ಸಾಲಿನ ಮೊದಲ ಅಂಚೆ ಆ ತೂತುಗಳಿಗೆ ಕಚ್ಚಿಕೊಂಡು ಬೆಲ್ಟಿನ ಜೊತೆ ಪಕ್ಕಕ್ಕೆ ಜಾರಿ ಹೊರಡುತ್ತದೆ.

ಇಲ್ಲಿ ಪಂಪಿಗಿಂತ ದೊಡ್ಡ ಕೆಲಸ ಮಾಡುವುದು ನಮ್ಮ ಸುತ್ತಲಿನ ಗಾಳಿ. ವಾತಾವರಣ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಭಾರದಷ್ಟು ಒತ್ತುತ್ತಿರುತ್ತದೆ. ಎರಡೂ ಕಡೆಯಿಂದ ಒತ್ತುವುದರಿಂದ ನಮಗೆ ತಿಳಿಯುವುದಿಲ್ಲ. ಪೆಟ್ಟಿಗೆಯೊಳಗೆ ಒತ್ತಡವನ್ನು ಹತ್ತನೇ ಒಂದು ಪಾಲು ಇಳಿಸಿದರೂ ಸಾಕು. ತೂತುಗಳ ಒಟ್ಟು ವಿಸ್ತಾರ 10 ಚದರ ಸೆಂಟಿಮೀಟರ್ ಇದ್ದರೆ, ಆ ಅಂಚೆಯನ್ನು ಸುಮಾರು 1 ಕಿಲೋ ಭಾರದಷ್ಟು ಬಲ ಬೆಲ್ಟಿಗೆ ಒತ್ತಿ ಹಿಡಿಯುತ್ತದೆ.

ಅಷ್ಟು ಬಲ ಯಾಕೆ ಅಂತೀರಾ? ಲೆಕ್ಕ ಹಾಕೋಣ. ಗಂಟೆಗೆ 10,000 ಅಂಚೆ ಬಿಡಿಸಬೇಕೆಂದರೆ ಒಂದಕ್ಕೆ ಸಿಗುವುದು 0.36 ಸೆಕೆಂಡು. ಅಂಚೆಯ ಉದ್ದ, ನಡುವಿನ ಜಾಗ ಸೇರಿ ಅರ್ಧ ಮೀಟರ್ ಎಂದಿಟ್ಟುಕೊಳ್ಳಿ. ಬೆಲ್ಟು ಸೆಕೆಂಡಿಗೆ ಸುಮಾರು 1.4 ಮೀಟರ್ ಓಡಬೇಕು. ಸುಮ್ನೆ ನಿಂತಿದ್ದ ಅಂಚೆಯನ್ನು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಆ ವೇಗಕ್ಕೆ ತರಬೇಕಾದರೆ, ಅದರ ತೂಕದ ಸುಮಾರು ಒಂದೂವರೆ ಪಟ್ಟು ಬಲ ಬೇಕಾಗುತ್ತದೆ. ಹಿಡಿತ ಸಡಿಲವಾದರೆ ಬೆಲ್ಟು ಮುಂದೆ ಹೋಗುತ್ತದೆ, ಅಂಚೆ ಅಲ್ಲೇ ಉಳಿಯುತ್ತದೆ.

ಹಾಗಾದರೆ ಇನ್ನೂ ಜಾಸ್ತಿ ಹೀರಿದರಾಯಿತು ಅನ್ನಿಸಬಹುದು. ಅದೂ ನಡೆಯುವುದಿಲ್ಲ. ತೆಳು ಕಾಗದದ ಮೂಲಕ ಗಾಳಿ ತೂರುತ್ತದೆ, ಆಗ ಹಿಂದಿನ ಹಾಳೆಯೂ ಮುಂದಿನದಕ್ಕೆ ಕಚ್ಚಿಕೊಳ್ಳುತ್ತದೆ. ಪತ್ರಿಕೆಯಾದರೆ ಬೆಲ್ಟಿಗೆ ಸಿಗುವುದು ಅದರ ರಕ್ಷಾಪುಟ ಮಾತ್ರ. ರಕ್ಷಾಪುಟ ಮುಂದಕ್ಕೆ ಓಡುತ್ತದೆ, ಒಳಗಿನ ಪುಟಗಳು ಅಲ್ಲೇ ನಿಂತಿರುತ್ತವೆ, ಪತ್ರಿಕೆ ಬಾಯ್ಬಿಟ್ಟು ಹರಿಯುತ್ತದೆ. ಓದುವವರ ಕೈಗೆ ಹರಿದ ರಕ್ಷಾಪುಟ ತಲುಪುವುದಕ್ಕೆ ಇದೂ ಒಂದು ಕಾರಣ.

ಈಗ ಬಿಡಿಸುವ ಕೆಲಸ. ನನಗೆ ಈ ಯಂತ್ರದಲ್ಲಿ ತುಂಬ ಇಷ್ಟವಾಗುವ ಭಾಗ ಇದು.

ಒಂದರ ಬೆನ್ನಿಗೆ ಇನ್ನೊಂದು ಅಂಚೆ ಜೋತುಕೊಂಡು ಬಂತು ಅನ್ನಿ. ಈ ಬದಿಯಲ್ಲಿ ಎಳೆಯುವ ಬೆಲ್ಟು. ಆ ಬದಿಯಲ್ಲಿ ತಡೆಯುವ ಒಂದು ಪಟ್ಟಿ ಅಥವಾ ರೋಲರ್. ನಡುವೆ ಎರಡು ಅಂಚೆ. ಮೂರು ಜಾಗದಲ್ಲಿ ಉಜ್ಜಾಟ ನಡೆಯುತ್ತದೆ. ಬೆಲ್ಟಿಗೂ ಮೊದಲ ಅಂಚೆಗೂ, ಎರಡನೆಯದಕ್ಕೂ ತಡೆಗೂ, ಎರಡು ಅಂಚೆಗಳ ನಡುವೆ. ಬೆಲ್ಟಿನ ಹಿಡಿತ ಎಲ್ಲಕ್ಕಿಂತ ಹೆಚ್ಚು ಇರಬೇಕು. ತಡೆಯ ಹಿಡಿತ ಅದಕ್ಕಿಂತ ಕಡಿಮೆ. ಅಂಚೆ ಅಂಚೆಗಳ ನಡುವಿನದು ಎಲ್ಲಕ್ಕಿಂತ ಕಡಿಮೆ. ಈ ಮೂರು ಮೆಟ್ಟಿಲು ಸರಿಯಾಗಿದ್ದರೆ ಎರಡು ಬಂದಾಗ ಮೊದಲನೆಯದು ಹೋಗುತ್ತದೆ, ಎರಡನೆಯದು ನಿಲ್ಲುತ್ತದೆ. ಒಂದೇ ಬಂದರೆ ಬೆಲ್ಟು ತಡೆಯನ್ನು ಮೀರಿ ಅದನ್ನು ಒಯ್ಯುತ್ತದೆ.

ತಡೆಯ ರೋಲರಿನಲ್ಲಿ ಇನ್ನೂ ಒಂದು ಸೊಗಸಾದ ಉಪಾಯವಿದೆ. ಆ ರೋಲರನ್ನು ಮೋಟಾರು ಹಿಂದಕ್ಕೆ ತಿರುಗಿಸಲು ನೋಡುತ್ತದೆ, ಆದರೆ ಜಾರುವ ಕ್ಲಚ್ಚಿನ ಮೂಲಕ. ಒಂದು ಮಿತಿ ದಾಟಿದರೆ ಕ್ಲಚ್ಚು ಜಾರುತ್ತದೆ. ನಡುವೆ ಒಂದೇ ಅಂಚೆ ಇದ್ದಾಗ ಬೆಲ್ಟಿನ ಎಳೆತ ಅಂಚೆಯ ಮೂಲಕ ರೋಲರಿಗೂ ತಲುಪುತ್ತದೆ. ಕ್ಲಚ್ಚು ಸೋಲುತ್ತದೆ, ರೋಲರ್ ಅಂಚೆಯ ಜೊತೆ ಮುಂದಕ್ಕೇ ತಿರುಗುತ್ತದೆ. ಎರಡು ಬಂದವೋ, ಅವುಗಳ ನಡುವೆ ಜಾರುವುದರಿಂದ ಆ ಎಳೆತ ರೋಲರಿಗೆ ಪೂರ್ತಿ ತಲುಪುವುದಿಲ್ಲ. ಆಗ ರೋಲರ್ ತಟ್ಟನೆ ಹಿಂದಕ್ಕೆ ತಿರುಗಿ ಎರಡನೆಯದನ್ನು ವಾಪಸ್ ತಳ್ಳುತ್ತದೆ. ಇಲ್ಲಿ ಕ್ಯಾಮೆರಾ ಇಲ್ಲ, ಕಂಪ್ಯೂಟರ್ ಇಲ್ಲ. ಒಂದೋ ಎರಡೋ ಎಂಬುದನ್ನು ಉಜ್ಜಾಟವೇ ತೀರ್ಮಾನಿಸುತ್ತದೆ. ನಕಲು ತೆಗೆಯುವ ಯಂತ್ರಗಳಲ್ಲೂ ಸ್ಕ್ಯಾನರುಗಳಲ್ಲೂ ಕಾಗದ ಒಂದೊಂದಾಗಿ ಬರುವುದು ಬಹಳ ಕಡೆ ಇದೇ ಉಪಾಯದಿಂದ. ದಪ್ಪ ಅಂಚೆಗೆ ಕೆಲವು ಯಂತ್ರಗಳಲ್ಲಿ ತಡೆಯ ಬದಿಗೂ ಗಾಳಿ ಹೀರುವ ತೂತು ಕೊಡುತ್ತಾರೆ.

ಮೂರು ಮೆಟ್ಟಿಲಿನ ಈ ಲೆಕ್ಕವನ್ನು ಕೆಡಿಸುವುದು ಪ್ಲಾಸ್ಟಿಕ್. ಹೊದಿಕೆಗೆ ಹೊದಿಕೆ ಒರಗಿದರೆ ಕಾಗದದಂತೆ ಸಲೀಸಾಗಿ ಜಾರುವುದಿಲ್ಲ. ಗಾಳಿ ಒಣಗಿದ್ದರೆ ಉಜ್ಜಿದಷ್ಟೂ ಸ್ಥಿರ ವಿದ್ಯುತ್ತು ಕೂಡಿಕೊಂಡು ಇನ್ನಷ್ಟು ಅಂಟುತ್ತವೆ. ಹಾಗಂತ ತೇವ ಹೆಚ್ಚಾದರೂ ಕಷ್ಟವೇ. ಕಾಗದ ಮೆತ್ತಗಾಗಿ ಬಾಗುತ್ತದೆ.

ಇನ್ನು ಒತ್ತಡ. ಒತ್ತಿದಷ್ಟೂ ಉಜ್ಜಾಟ ಹೆಚ್ಚು ಎಂದು ಫ್ರಾನ್ಸಿನ ಗಿಯೋಮ್ ಅಮೊಂತೊ 1699ರಲ್ಲೇ ತೋರಿಸಿದ್ದ. ಹಿಂದಿನ ತಟ್ಟೆ ಸಾಲನ್ನು ಜೋರಾಗಿ ತಳ್ಳಿದರೆ ಅಂಚೆಗಳು ಒಂದಕ್ಕೊಂದು ಬಿಗಿದು ಜೋಡಿಯಾಗಿ ಹೊರಡುತ್ತವೆ. ಮೆಲ್ಲಗೆ ತಳ್ಳಿದರೆ ಮೊದಲನೆಯದು ಬೆಲ್ಟನ್ನು ಮುಟ್ಟುವುದೇ ಇಲ್ಲ. ಅದಕ್ಕೇ ಮುಂಭಾಗದಲ್ಲಿ ಒತ್ತಡ ಅಳೆಯುವ ಸೆನ್ಸರ್ ಇಡುತ್ತಾರೆ. ಒತ್ತಡ ಮಿತಿ ಮುಟ್ಟಿದರೆ ಸಾಲು ನಿಲ್ಲುತ್ತದೆ, ಇಳಿದರೆ ಮತ್ತೆ ಚಲಿಸುತ್ತದೆ.

ಇಷ್ಟಾದರೂ ಕೆಲವೊಮ್ಮೆ ಎರಡು ಒಟ್ಟಿಗೆ ಬಂದೇ ಬರುತ್ತವೆ. ಕಂಡುಹಿಡಿಯುವುದು ಹೇಗೆ? ಬಿಡಿ ಹಾಳೆಗಳಾದರೆ ಸುಲಭ. ಶಬ್ದದ ಅಲೆ ಹಾಯಿಸಿದರೆ ನಡುವಿನ ಗಾಳಿಯ ಪದರ ಎರಡಿವೆ ಎಂದು ಹೇಳಿಬಿಡುತ್ತದೆ. ಆದರೆ ಒಂದು ಪತ್ರಿಕೆಯ ಒಳಗೇ ಹತ್ತಾರು ಪದರ ಗಾಳಿ ಇದೆ. ಇನ್ನು ದಪ್ಪ ಅಳೆಯೋಣವೆಂದರೆ, ಎರಡು ತೆಳು ಲಕೋಟೆ ಸೇರಿದರೂ ಒಂದು ಕ್ಯಾಟಲಾಗಿಗಿಂತ ತೆಳ್ಳಗಿರುತ್ತವೆ. ಹೀಗಾಗಿ ಬೇರೆ ದಾರಿ ಹುಡುಕಬೇಕು. ಒಂದು ದಾರಿ ಉದ್ದ ನೋಡುವುದು. ಜೋಡಿಯಾಗಿ ಬಂದವು ಸಾಮಾನ್ಯವಾಗಿ ಹಿಂದೆ ಮುಂದೆ ಆಗಿರುತ್ತವೆ, ಆಗ ಬೆಳಕಿನ ಸೆನ್ಸರಿಗೆ ಉದ್ದ ವಿಪರೀತ ಕಾಣುತ್ತದೆ. ಇನ್ನೊಂದು ದಾರಿ, ಎರಡು ಬದಿಗೂ ಬೇರೆ ಬೇರೆ ಎಳೆತ ಕೊಟ್ಟು ಜಾರುತ್ತದೆಯೇ ಎಂದು ನೋಡುವುದು. ಕೆಳಗಿನ ಅಂಚನ್ನು ಕ್ಯಾಮೆರಾದಲ್ಲಿ ನೋಡಿ ಎಷ್ಟಿವೆ ಎಂದು ಎಣಿಸುವ ವಿಧಾನವೂ ಇದೆ.

ಈ ಯಂತ್ರ ಕಟ್ಟುವವರ ಮುಂದೆ ಕೊನೆಗೂ ಒಂದು ಆಯ್ಕೆ ಇರುತ್ತದೆ. ಒಂದೂ ಬಾರದೆ ಬೆಲ್ಟು ಖಾಲಿ ಓಡಿದರೆ ನಷ್ಟ ಸೆಕೆಂಡಿನ ಮೂರನೇ ಒಂದು ಭಾಗ ಅಷ್ಟೇ. ಎರಡು ಬಂದು, ಯಾರಿಗೂ ಗೊತ್ತಾಗದೆ ಹೋದರೆ? ಕ್ಯಾಮೆರಾ ಓದುವುದು ಮುಂದಿನದರ ವಿಳಾಸ. ಹಿಂದೆ ಅಡಗಿದ್ದು ಅದರ ಜೊತೆ ಯಾವುದೋ ಊರಿಗೆ ಹೋಗುತ್ತದೆ. ಅಲ್ಲಿ ಯಾರಾದರೂ ನೋಡಿ ವಾಪಸ್ ಕಳಿಸುವ ಹೊತ್ತಿಗೆ ದಿನಗಳೇ ಕಳೆದಿರುತ್ತವೆ. ಒಳಗಿರುವುದು ಕೆಲಸದ ಸಂದರ್ಶನದ ಕರೆ ಆಗಿರಬಹುದು, ಕೋರ್ಟಿನ ಕಾಗದ ಆಗಿರಬಹುದು. ಗಂಟೆಗೆ ಇಷ್ಟು ಸಾವಿರ ಎಂಬ ಅಂಕಿ ಚೆನ್ನಾಗಿ ಕಾಣಲೆಂದು ಹೀರುವ ಬಲವನ್ನೋ ಒತ್ತಡವನ್ನೋ ಏರಿಸುವುದು ನನಗೆ ಒಪ್ಪಿಗೆಯಿಲ್ಲ. ಸಂದೇಹ ಬಂದ ಅಂಚೆಯನ್ನು ಪಕ್ಕಕ್ಕೆ ತಳ್ಳಿ ಮನುಷ್ಯರ ಕೈಗೆ ಕೊಡುವ ಯಂತ್ರವೇ ಒಳ್ಳೆಯ ಯಂತ್ರ.

ಮನುಷ್ಯರ ಕೈಯ ಕೆಲಸ ಯಂತ್ರದ ಮುಂಚೆಯೂ ಇದೆ. ಕಟ್ಟು ಬಿಚ್ಚಿ, ಅಂಚು ತಟ್ಟಿ ಸಮ ಮಾಡಿ, ಪತ್ರಿಕೆಗಳ ಹೊಲಿಗೆಯ ಬದಿ ಎಲ್ಲ ಒಂದೇ ಕಡೆ ಬರುವಂತೆ ಜೋಡಿಸುವುದು ಅವರೇ. ಬಿಚ್ಚಿಕೊಳ್ಳುವ ಬದಿ ಮುಂದಿದ್ದರೆ ಪುಟ ಮಡಚಿ ಸಿಕ್ಕಿಕೊಳ್ಳುತ್ತದೆ. ಜೋಡಿಸುವವರು ಪಳಗಿದವರಾದರೆ ಅದೇ ಯಂತ್ರ ಎರಡು ಪಟ್ಟು ಚೆನ್ನಾಗಿ ನಡೆಯುತ್ತದೆ ಎಂದರೆ ಅತಿಶಯವಲ್ಲ.

ಅಂಚೆ ಕಳಿಸುವ ನಮ್ಮ ಕೈಯಲ್ಲೂ ಸ್ವಲ್ಪ ಇದೆ. ಲಕೋಟೆಯೊಳಗಿನ ಕಾಗದ ಒಂದೇ ಮೂಲೆಗೆ ಗುಡ್ಡೆಯಾಗದಂತೆ ಹರಡಿ. ಹೊರಗೆ ಕ್ಲಿಪ್ಪು, ದಾರ ಬೇಡ. ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ಬಿಗಿಯಾಗಿರಲಿ, ಸಡಿಲ ಅಂಚು ಹೊರಗೆ ನೇತಾಡದಿರಲಿ. ವಿಳಾಸದ ಚೀಟಿಯ ನಾಲ್ಕೂ ಮೂಲೆ ಒತ್ತಿ ಅಂಟಿಸಿ. ಎದ್ದ ಮೂಲೆಯ ಅಂಟು ಪಕ್ಕದ ಲಕೋಟೆಗೆ ಹತ್ತಿಕೊಂಡರೆ, ಅವೆರಡನ್ನು ಬಿಡಿಸಲು ನಾನು ಹೇಳಿದ ಯಾವ ರೋಲರಿಗೂ ಆಗುವುದಿಲ್ಲ.

ನಮಸ್ಕಾರ.