ವಿಳಾಸ ಕೊಟ್ಟರೆ ಸಾಲದು, ಜೊತೆಗೆ ಹೋಗಿ

ಎಲ್ಲರಿಗೂ ನಮಸ್ಕಾರ. ಮುಂದಿನ ಎರಡು ಸಾಲುಗಳ ತುಂಬ ಆಶಾ ಕಾರ್ಯಕರ್ತೆಯರೇ ಇದ್ದೀರಿ. ಕುಡಿತದ ಕೆಡುಕಿನ ಬಗ್ಗೆ ನಿಮಗೆ ಭಾಷಣ ಬೇಕಾಗಿಲ್ಲ. ಯಾರ ಮನೆಯ ಹಂಡೆ ಗಿರವಿ ಅಂಗಡಿ ಸೇರಿದೆ, ಯಾರ ಮಗು ರಾತ್ರಿ ಪಕ್ಕದ ಮನೆಯಲ್ಲಿ ಮಲಗುತ್ತದೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಾನು ಹೇಳಲು ಬಂದದ್ದು ಒಂದೇ ಮಾತು. ಕುಡಿತ ಬಿಡಬೇಕೆನ್ನುವವನ ಕೈಗೆ ಸಭೆಯ ವಿಳಾಸ ಕೊಟ್ಟು ಕಳುಹಿಸಬೇಡಿ. ಅವನ ಜೊತೆ ಹೋಗಿ.

ನಾನು ಹದಿನಾರು ವರ್ಷ ಕುಡಿದವನು. ಬಿಟ್ಟು ಹನ್ನೊಂದು ವರ್ಷವಾಯಿತು. ಅದಕ್ಕೂ ಮೊದಲು ಬಿಡುತ್ತೇನೆಂದು ಇಟ್ಟ ಆಣೆಗಳಿಗೆ ಲೆಕ್ಕವಿಲ್ಲ. ಮಗಳ ತಲೆ ಮುಟ್ಟಿ ಆಣೆ ಇಟ್ಟದ್ದೂ ಉಂಟು. ಕೊನೆಗೆ ವೈದ್ಯರೊಬ್ಬರು, ಕುಡಿತ ಬಿಟ್ಟವರೂ ಬಿಡಬೇಕೆನ್ನುವವರೂ ಕೂಡುವ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ ಸಂಘದ ಸಭೆಯ ವಿಳಾಸವನ್ನು ಚೀಟಿಯಲ್ಲಿ ಬರೆದುಕೊಟ್ಟರು. ಆ ಚೀಟಿ ಅಂಗಿಯ ಜೇಬಿನಲ್ಲೇ ಎರಡು ಸಲ ಒಗೆಯಲು ಹೋಯಿತು. ಎರಡು ಸಲವೂ ನನ್ನ ಹೆಂಡತಿ ಅದನ್ನು ಒಣಗಿಸಿ, ಶಾಯಿ ಹರಡಿದಲ್ಲಿ ತಾನೇ ತಿದ್ದಿ ಬರೆದು, ಮತ್ತೆ ಜೇಬಿಗೇ ಹಾಕಿದಳು. ಒಂದು ಮಾತೂ ಆಡಲಿಲ್ಲ.

ಒಂದು ಭಾನುವಾರ ಹೊರಟೆ. ಶಾಲೆಯೊಂದರ ಹಿಂಬದಿಯ ಕೊಠಡಿ, ಎದುರಿಗೆ ಚಹಾ ಅಂಗಡಿ. ಅಂಗಡಿಯ ಬೆಂಚಿನಲ್ಲಿ ಕುಳಿತು ಒಳಗೆ ಹೋಗುವವರನ್ನು ಎಣಿಸಿದೆ. ಒಂಬತ್ತು ಜನ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ಒಬ್ಬರೂ ಕುಡುಕರಂತೆ ಕಾಣಲಿಲ್ಲ. ಇವರ ನಡುವೆ ಹೋದರೆ ಆ ಹೆಸರು ನನ್ನೊಬ್ಬನಿಗೇ ಅಂಟುತ್ತದೆ ಅನ್ನಿಸಿ ಎದ್ದು ಬಂದೆ. ಮುಂದಿನ ಭಾನುವಾರವೂ ಅಷ್ಟೇ. ಮೂರನೆಯ ಭಾನುವಾರ ಹಿರಿಯರೊಬ್ಬರು ಬಂದು ಪಕ್ಕದಲ್ಲಿ ಕುಳಿತರು. ನನ್ನ ಚಹಾ ಆರುತ್ತಿತ್ತು. ಕೈ ನಡುಗುತ್ತಿದ್ದುದರಿಂದ, ಎತ್ತಿದರೆ ಚೆಲ್ಲುತ್ತದೆಂದು ಮುಟ್ಟದೆ ಬಿಟ್ಟಿದ್ದೆ. ಅವರು ಅಂಗಡಿಯವನಿಂದ ಖಾಲಿ ಲೋಟ ಕೇಳಿ ಪಡೆದು, ನನ್ನದರಲ್ಲಿ ಅರ್ಧವನ್ನು ಅದಕ್ಕೆ ಸುರಿದುಕೊಂಡು, "ಈಗ ಎತ್ತಿ, ಚೆಲ್ಲುವುದಿಲ್ಲ. ನಾನೂ ಅರ್ಧ ಲೋಟವೇ ಕುಡಿಯುತ್ತಿದ್ದೆ" ಎಂದರು. ಕುಡಿದು ಮುಗಿಸಿದೆವು. "ಹೊತ್ತಾಯಿತು, ಬನ್ನಿ" ಎಂದರು. ಹೋದೆ. ಐವತ್ತು ಹೆಜ್ಜೆಯ ದಾರಿ ಅದು. ಮೂರು ವಾರವಾದರೂ ಒಬ್ಬನೇ ದಾಟಲು ನನ್ನಿಂದ ಆಗಿರಲಿಲ್ಲ.

ಎಎ ಸಂಘ ಹುಟ್ಟಿದ್ದು ಕೂಡ ಹೀಗೆಯೇ. 1935ರ ಮೇ ತಿಂಗಳು, ಅಮೆರಿಕದ ಓಹಿಯೊ ರಾಜ್ಯದ ಆಕ್ರನ್ ನಗರ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ವಿಲ್ಸನ್ ಎಂಬವರು ವ್ಯವಹಾರಕ್ಕೆಂದು ಬಂದು, ಅದು ಕೈಕೊಟ್ಟು, ಹೋಟೆಲಿನಲ್ಲಿ ಒಂಟಿಯಾಗಿದ್ದರು. ಅಲ್ಲೇ ಬಾರು, ಅಲ್ಲೇ ಟೆಲಿಫೋನು. ಅವರು ಟೆಲಿಫೋನಿನ ಕಡೆ ಹೋದರು. ಮಾತಿಗೆ ತಮ್ಮಂಥ ಇನ್ನೊಬ್ಬ ಕುಡುಕ ಸಿಗುವನೇ ಎಂದು ಯಾರ ಯಾರನ್ನೋ ವಿಚಾರಿಸಿ ಕೊನೆಗೆ ಸಿಕ್ಕಿದವರು ಬಾಬ್ ಸ್ಮಿತ್, ಕುಡಿತಕ್ಕೆ ಸಿಕ್ಕಿದ್ದ ಶಸ್ತ್ರವೈದ್ಯ. ಹದಿನೈದೇ ನಿಮಿಷ ಎಂದು ಬಂದ ವೈದ್ಯರು ಗಂಟೆಗಟ್ಟಲೆ ಕುಳಿತರು. ಮದ್ಯ ದೇಹಕ್ಕೆ ಏನು ಮಾಡುತ್ತದೆಂದು ಅವರಿಗೆ ತಿಳಿಯದೇ? ಅವರಿಗೆ ಬೇಕಾಗಿದ್ದದ್ದು ಜೊತೆ. ಆ ವೈದ್ಯರು ಕೊನೆಯ ಸಲ ಕುಡಿದ ದಿನ, ಜೂನ್ 10, ಸಂಘದ ಹುಟ್ಟುಹಬ್ಬವಾಯಿತು.

ನಮ್ಮಲ್ಲಿ ಧರ್ಮಸ್ಥಳದ ಮದ್ಯವರ್ಜನ ಶಿಬಿರಗಳನ್ನು ನೀವು ಕಂಡಿದ್ದೀರಿ. ಊರಿನವರೇ ಅಡುಗೆ ಮಾಡಿ ಬಡಿಸುತ್ತಾರೆ, ಮನೆಯವರು ಬಂದು ನೋಡುತ್ತಾರೆ. ಶಿಬಿರದಷ್ಟೇ ದೊಡ್ಡದು ಆಮೇಲಿನ ನವಜೀವನ ಸಮಿತಿ, ಅಂದರೆ ಶಿಬಿರ ಮುಗಿಸಿದವರ ಗುಂಪು, ಎಂಬುದು ನನ್ನ ಅಭಿಪ್ರಾಯ. ಶಿಬಿರದಿಂದ ಬಂದವನು ಅದೇ ಬೀದಿಗೆ, ಅದೇ ಗೆಳೆಯರ ನಡುವೆ ಮರಳುತ್ತಾನಲ್ಲ, ಆಗ ಬೇಕಾಗುತ್ತದೆ ಜೊತೆ.

ಒಂದು ಎಚ್ಚರಿಕೆಯನ್ನು ದಯವಿಟ್ಟು ಬರೆದುಕೊಳ್ಳಿ. ದಿನವೂ ವಿಪರೀತ ಕುಡಿಯುವವನನ್ನು ಇದ್ದಕ್ಕಿದ್ದಂತೆ ಕೋಣೆಗೆ ಕೂಡಿಹಾಕಿ ಬಿಡಿಸಬೇಡಿ. ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಾಣಿಸಬಹುದು, ಪ್ರಾಣಕ್ಕೇ ಅಪಾಯವಾಗಬಹುದು. ಜನ ಅದನ್ನು ದೆವ್ವ ಮೆಟ್ಟಿತು ಎಂದುಕೊಳ್ಳುತ್ತಾರೆ. ಮೊದಲು ವೈದ್ಯರ ಬಳಿ ಕರೆದೊಯ್ಯಿರಿ, ಆಮೇಲೆ ಸಭೆ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡಿಲ್ಲ.

ಎಎ ಸಭೆಗೂ ದುಡ್ಡಿಲ್ಲ. ಜಾತಿ, ಕೆಲಸ, ಸಂಬಳ ಯಾರೂ ಕೇಳುವುದಿಲ್ಲ. ಕುಡಿತ ಬಿಡಬೇಕೆಂಬ ಆಸೆಯಿದ್ದರೆ ಸಾಕು. ಒಬ್ಬರು ತಮ್ಮ ಕಥೆ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ನಡುವೆ ಬಾಯಿ ಹಾಕುವಂತಿಲ್ಲ. ನಮ್ಮ ಊರುಗಳಲ್ಲಿ ಅಂಥ ಜಾಗ ಇನ್ನೊಂದಿದ್ದರೆ ನನಗೆ ತೋರಿಸಿ! ಮೊದಲ ದಿನ ನೀವು ಮಾತನಾಡಲೇಬೇಕೆಂದಿಲ್ಲ. ನಾನು ಐದು ವಾರ ಬಾಯಿ ಬಿಡಲಿಲ್ಲ. ಕುಡಿಯುವವರ ಮನೆಯವರಿಗಾಗಿಯೇ ಆಲ್-ಅನಾನ್ ಎಂಬ ಸಂಘ 1951ರಿಂದ ಇದೆ. ಅದರ ಬಗ್ಗೆ ವಿವರವಾಗಿ ಹೇಳಬೇಕೆಂದು ಬಂದಿದ್ದೆ, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ.

ಬಿಟ್ಟ ಮೇಲೆ ಮತ್ತೆ ಕುಡಿದವನ ವಿಷಯವೂ ಹಾಗೆಯೇ ಉಳಿಯಿತು. ಇಷ್ಟು ಮಾತ್ರ ಹೇಳುತ್ತೇನೆ: ಅವನು ನಾಚಿಕೆಯಿಂದ ಸಭೆ ತಪ್ಪಿಸುತ್ತಾನೆ. ಆಗ ಮನೆಗೆ ಹೋಗಿ ಬಾಗಿಲು ತಟ್ಟಿ. ಬೈಯಲು ಹೋಗಬೇಡಿ, ಕರೆದುಕೊಂಡು ಬರಲು ಹೋಗಿ.

ಇವತ್ತು ಸಂಜೆ ಆರೂವರೆಗೆ ಸಭೆಯಿದೆ. ಆರು ಗಂಟೆಯಿಂದ ನಾನು ಬಸ್ ನಿಲ್ದಾಣದ ಎದುರಿನ ಚಹಾ ಅಂಗಡಿಯಲ್ಲಿ ಕುಳಿತಿರುತ್ತೇನೆ. ಯಾರನ್ನಾದರೂ ಕರೆತನ್ನಿ, ಹೆಸರು ಕೇಳುವುದಿಲ್ಲ. ಖಾಲಿ ಲೋಟ ಒಂದು ತೆಗೆದಿಟ್ಟಿರುತ್ತೇನೆ.